ಬಲಗುಂದಿದ ಹೃದಯವೂ ಮನೆಯವರ ಶುಶ್ರೂಷೆಯೂ



ಪಾದ ಬಾತು, ಗುಡ್ಡೆಯ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು ಬಿಡುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. "ಪ್ರಾಯವಾಯಿತಲ್ಲವೇ?" ಎಂದು ಹೇಳಿ ಮನೆಯವರು ಅದನ್ನು ಅಲಕ್ಷ್ಯ ಮಾಡುವದುಂಟು. ಬಳಿಕ ಒಂದು ದಿನ ಆಸ್ಪತ್ರೆಯಲ್ಲಿ ವೈದ್ಯರು "ಹಾರ್ಟ್ ಫೇಲ್ಯೂರ್" ಅನ್ನಲು, ಅದೇ ಮನೆಯವರು ಇನ್ನು ಎಲ್ಲಾ ಮುಗಿಯಿತೆಂದು ಎದೆಗೆಡುತ್ತಾರೆ. ಮೊದಲಿನ ಅಲಕ್ಷ್ಯವೂ ತಪ್ಪು, ಅನಂತರದ ನಿರಾಶೆಯೂ ತಪ್ಪು. ಈ ರೋಗವು ಭಾರವಾದದ್ದೇ ಸರಿ. ಆದರೆ ರೋಗಿಯೂ ಅವನನ್ನು ನೋಡಿಕೊಳ್ಳುವವರೂ ಒಬ್ಬರಿಗೊಬ್ಬರು ಮರೆಮಾಡದೆ ಕೂಡಿ ನಡೆದರೆ, ಅದರೊಂದಿಗೆ ಎಷ್ಟೋ ದಿವಸ ನೆಮ್ಮದಿಯಿಂದ ಬದುಕಲಾಗುವದು. ಅದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಈ ರೋಗವೆಂದರೇನು?

ಹೃದಯವು ಒಬ್ಬನ ಮುಷ್ಟಿಯಷ್ಟೇ ದೊಡ್ಡದು. ಅದು ದಿವಸವೊಂದಕ್ಕೆ ಸುಮಾರು ಒಂದು ಲಕ್ಷ ಸಾರಿ ಮಿಡಿಯುತ್ತದೆ. ನಾವು ಸುಮ್ಮನೆ ಕೂತಿರುವಾಗಲೂ ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ಶರೀರಕ್ಕೆಲ್ಲಾ ಅಟ್ಟುತ್ತದೆ. ಅಡಿಕೆ ತೋಟಕ್ಕೆ ನೀರು ಹಾಯಿಸುವ ಪಂಪು ಬಲಗುಂದಿದರೆ ಏನಾಗುವದೆಂದು ನಮಗೆ ಗೊತ್ತುಂಟು. ಮೇಲಿನ ಗಿಡಗಳಿಗೆ ನೀರು ಮುಟ್ಟುವದಿಲ್ಲ. ಹೃದಯವು ಬಲಗುಂದಿದಾಗಲೂ ಹಾಗೆಯೇ. ಕೈಕಾಲುಗಳಿಗೆ ಬೇಕಾದಷ್ಟು ರಕ್ತ ಮುಟ್ಟದೆ ಆಯಾಸವಾಗುವದು. ರಕ್ತವು ಮುಂದೆ ಸಾಗದೆ ಹಿಂದಕ್ಕೆ ಒತ್ತರಿಸಲು, ಅದರ ನೀರು ಪುಪ್ಪುಸಗಳಲ್ಲಿಯೂ ಪಾದಗಳಲ್ಲಿಯೂ ಹೊಟ್ಟೆಯಲ್ಲಿಯೂ ಕೂಡಿಕೊಳ್ಳುವದು. ಅದಲ್ಲದೆ, ರಕ್ತವು ಸಾಲದೆಂದು ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. "ಮೈಯಲ್ಲಿ ನೀರು ತುಂಬಿತು" ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಅನೇಕ ಸಾರಿ ಇದೇ ರೋಗದ ವಿಷಯವಾಗಿತ್ತು.

ಹಾಗಾದರೆ "ಫೇಲ್ಯೂರ್" ಅಂದರೆ ಹೃದಯವು ನಿಂತುಹೋಯಿತೆಂದಲ್ಲ. ಅದು ಮಾಡಬೇಕಾದಷ್ಟು ಕೆಲಸವನ್ನು ಮಾಡಲಾರದೆ ಇದೆ ಎಂದರ್ಥ. ಇದು ಹೃದಯಾಘಾತವೂ ಅಲ್ಲ. ಆದರೆ ಹೃದಯಾಘಾತವೇ ಇದಕ್ಕೆ ದೊಡ್ಡ ಕಾರಣಗಳಲ್ಲೊಂದು, ಯಾಕಂದರೆ ಆಗ ಸತ್ತ ಮಾಂಸವು ತಿರಿಗಿ ಹುಟ್ಟುವದಿಲ್ಲ. ಬಹುಕಾಲ ಲಕ್ಷ್ಯವಿಲ್ಲದೆ ಬಿಟ್ಟ ರಕ್ತದೊತ್ತಡ, ಸಿಹಿಮೂತ್ರರೋಗ, ಮದ್ಯಪಾನ, ಬಾಲ್ಯದ ಗಂಟುಜ್ವರದಿಂದ ಕೆಟ್ಟ ಹೃದಯದ ಕವಾಟಗಳು, ಇವೂ ಕಾರಣಗಳಾಗಿವೆ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ೨೦೧೩ರಲ್ಲಿ ಈ ರೋಗದಿಂದ ಆಸ್ಪತ್ರೆಗಳಿಗೆ ಸೇರಿದ ೧,೨೦೫ ಮಂದಿಯ ಲೆಕ್ಕವನ್ನು ವೈದ್ಯರು ಬರೆದಿಟ್ಟು, ಅವರ ಸಮಾಚಾರವನ್ನು ವರ್ಷವರ್ಷವೂ ವಿಚಾರಿಸಿದರು. ಅವರ ಸರಾಸರಿ ಪ್ರಾಯ ಸುಮಾರು ೬೧. ನಾಲ್ವರಲ್ಲಿ ಸುಮಾರು ಮೂವರಿಗೆ ಹೃದಯದ ರಕ್ತನಾಳಗಳು ಮುಚ್ಚಿದ್ದೇ ಮೂಲಕಾರಣವಾಗಿತ್ತು. ಐದು ವರ್ಷಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಹೋದರು. ಆದರೆ ತಕ್ಕ ಔಷಧಗಳನ್ನು ಪೂರ್ಣವಾಗಿ ಹೊಂದಿದವರಲ್ಲಿ ಮರಣವು ಕಡಿಮೆಯಾಗಿತ್ತು. ಈ ಲೆಕ್ಕವನ್ನು ಹೆದರಿಸುವದಕ್ಕಾಗಿ ನಾವು ಹೇಳುವದಿಲ್ಲ. ಔಷಧವನ್ನು ತಪ್ಪದೆ ಕೊಡುವದು, ಬಾವನ್ನು ಬೇಗನೆ ಕಾಣುವದು, ಉಪ್ಪನ್ನು ಅಳೆಯುವದು ಇವೆಲ್ಲಾ ಮನೆಯಲ್ಲಿ ನಡೆಯುವ ಕೆಲಸಗಳು. ವೈದ್ಯರು ತಿಂಗಳಿಗೆ ಒಂದು ಗಳಿಗೆ ರೋಗಿಯನ್ನು ನೋಡುತ್ತಾರೆ. ಮಿಕ್ಕ ಕಾಲವೆಲ್ಲಾ ಮನೆಯವರದೇ.

೨. ಪ್ರೀತಿಯಿಂದ ಮಾಡುವ ಮರೆಮಾಚುವಿಕೆ

ಕೊಕ್ಕಡದ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಇದು ಇಂಥವರದೆಂದು ಹೇಳತಕ್ಕ ಮನೆಯಲ್ಲ. ಆದರೆ ಅನೇಕರು ಇದರಲ್ಲಿ ತಮ್ಮ ಮನೆಯನ್ನೇ ಕಾಣುವರು. ಯಜಮಾನನಿಗೆ ಅರುವತ್ತು ದಾಟಿದೆ. ಎರಡು ವರ್ಷಗಳ ಹಿಂದೆ ಎದೆನೋವು ಬಂದು ಆಸ್ಪತ್ರೆಯಲ್ಲಿದ್ದು ಬಂದವನು. ಹೆಂಡತಿಯು ಅಡಿಗೆ, ದನದ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಬೀಡಿ ಕಟ್ಟುತ್ತಾಳೆ. ಮಗನು ಬೆಂಗಳೂರಿನಲ್ಲಿದ್ದಾನೆ, ಮಗಳು ಮದುವೆಯಾಗಿ ಪುತ್ತೂರಿನ ಕಡೆಗೆ ಹೋಗಿದ್ದಾಳೆ.

ಮಳೆಗಾಲದ ಒಂದು ರಾತ್ರಿ ಯಜಮಾನನಿಗೆ ಮಲಗಿದಲ್ಲಿ ಉಸಿರು ಕಟ್ಟುತ್ತದೆ. ಅವನು ಎದ್ದು ಜಗಲಿಯಲ್ಲಿ ಕೂರುತ್ತಾನೆ. ಹೆಂಡತಿಗೆ ಎಚ್ಚರವಾಗಿ, "ಯಾಕೆ ಎದ್ದದ್ದು ನೀವು?" ಎಂದು ಕೇಳಿದರೆ, "ಏನಿಲ್ಲ ಮಾರಾಯ್ತಿ, ಸೆಕೆ" ಅನ್ನುತ್ತಾನೆ. ತಿರಿಗಿ ಮಂಗಳೂರಿಗೆ ಹೋಗುವದೆಂದರೆ ಬಾಡಿಗೆಯ ವಾಹನ, ಎರಡು ತಾಸಿನ ದಾರಿ, ಖರ್ಚು, ಅವಳ ಒಂದು ದಿನದ ಬೀಡಿಯ ಕೂಲಿ. ಇದನ್ನೆಲ್ಲಾ ಎಣಿಸಿ ಅವನು ಸುಮ್ಮನಿರುತ್ತಾನೆ. ಹೆಂಡತಿಯಾದರೋ, ಅವನ ಪಾದದ ಬಾವನ್ನು ಮೂರು ದಿನಗಳಿಂದ ನೋಡುತ್ತಿದ್ದಾಳೆ. "ಹೇಳಿದರೆ ಅವರಿಗೆ ಹೆದರಿಕೆಯಾದೀತು" ಎಂದು ಬಾಯಿ ಬಿಡುವದಿಲ್ಲ. ಅವಳಿಗೆ ರಾತ್ರಿ ನಿದ್ದೆಯಿಲ್ಲ, ಸೊಂಟನೋವು ಬೇರೆ. ಅದನ್ನು ಅವನಿಗೆ ಹೇಳುವದಿಲ್ಲ. ಮಗನು ಫೋನಿನಲ್ಲಿ ಕೇಳಿದರೆ ಇಬ್ಬರೂ ಒಂದೇ ಬಾಯಿಯಾಗಿ, "ಇಲ್ಲಿ ಎಲ್ಲಾ ಸೌಖ್ಯ" ಅನ್ನುತ್ತಾರೆ.

ಇಲ್ಲಿ ದ್ವೇಷವಿಲ್ಲ, ಸೋಮಾರಿತನವಿಲ್ಲ, ಇರುವದು ಪ್ರೀತಿಯೇ. ಆದರೆ ಒಬ್ಬರನ್ನೊಬ್ಬರು ಉಳಿಸಿಕೊಳ್ಳುವದಕ್ಕೆ ಮಾಡಿದ ಈ ಮರೆಮಾಚುವಿಕೆಯು ಇಬ್ಬರನ್ನೂ ಕೆಡಿಸುತ್ತದೆ. ಮೊದಲನೆಯ ದಿನ ಒಂದು ಫೋನಿನಿಂದಲೂ ಔಷಧದ ಚಿಕ್ಕ ಬದಲಾವಣೆಯಿಂದಲೂ ಸರಿಯಾಗಬಹುದಾಗಿದ್ದ ಕೆಲಸವು, ಏಳನೆಯ ದಿನ ನಡುರಾತ್ರಿಯ ಓಟವಾಗಿ, ಹತ್ತು ದಿನಗಳ ಆಸ್ಪತ್ರೆಯ ವಾಸವಾಗಿ ಪರಿಣಮಿಸುತ್ತದೆ. ಖರ್ಚನ್ನು ಉಳಿಸಲು ಹೋದವನೇ ಹತ್ತು ಪಾಲು ಖರ್ಚನ್ನು ತಂದುಕೊಳ್ಳುತ್ತಾನೆ.

ಹೃದ್ರೋಗಿಗಳ ಮನೆಗಳನ್ನು ವಿಚಾರಿಸಿದ ಅಮೇರಿಕ ದೇಶದ ಹಾರ್ಲಿಯ ಬಕ್ ಎಂಬ ದಾದಿ-ಅಧ್ಯಾಪಕಿಯವರೂ ಅವರ ಜೊತೆಗಾರರೂ, ಮನೆಗಳಲ್ಲಿ ನಾಲ್ಕು ರೀತಿಗಳಿವೆಯೆಂದು ಕಂಡರು. ಕೆಲವು ಮನೆಗಳಲ್ಲಿ ರೋಗಿಯೇ ತನ್ನದೆಲ್ಲವನ್ನೂ ನೋಡಿಕೊಳ್ಳುತ್ತಾನೆ. ಕೆಲವದರಲ್ಲಿ ಶುಶ್ರೂಷೆ ಮಾಡುವವರೇ ಎಲ್ಲವನ್ನೂ ಮಾಡುತ್ತಾರೆ. ಕೆಲವದರಲ್ಲಿ ಇಬ್ಬರೂ ಒಂದೇ ಕೆಲಸವನ್ನು ಕೂಡಿ ಮಾಡುತ್ತಾರೆ. ಕೆಲವದರಲ್ಲಿ ಒಬ್ಬರಿಗಾಗದ್ದನ್ನು ಇನ್ನೊಬ್ಬರು ಮಾಡಿ, ಕೆಲಸವನ್ನು ಪಾಲುಮಾಡಿಕೊಳ್ಳುತ್ತಾರೆ. ನಮ್ಮ ಕಡೆಯಲ್ಲಿ ಎರಡನೆಯ ರೀತಿಯೇ ಹೆಚ್ಚು: ಮಾತ್ರೆ ಯಾವದೆಂದು ಗಂಡನಿಗೆ ಗೊತ್ತಿಲ್ಲ, ಹೆಂಡತಿ ಕೈಯಲ್ಲಿಟ್ಟದ್ದನ್ನು ನುಂಗುತ್ತಾನೆ. ಅವಳು ಒಂದು ದಿನ ತವರಿಗೆ ಹೋದರೆ ಔಷಧವೂ ನಿಂತಿತು! ರೋಗಿಯೇ ಹೆಂಗಸಾಗಿದ್ದರೆ ಸಂಗತಿಯು ಇನ್ನೂ ಕಷ್ಟ. ಅವಳು ಎಲ್ಲರಿಗೂ ಬಡಿಸಿ ಮುಗಿಸಿದ ಮೇಲೆಯೇ ತನ್ನ ಏದುಸಿರಿನ ವಿಷಯ ಎಣಿಸುತ್ತಾಳೆ. ಆದದರಿಂದ ಕೊನೆಯ ಎರಡು ರೀತಿಗಳನ್ನೇ ನಾವು ಕಲಿಯತಕ್ಕದ್ದು.

೩. ದಿನದಿನದ ಕೆಲಸವೂ ಅದರ ಹಂಚಿಕೆಯೂ

ಮೊದಲು ಒಂದು ಲೆಕ್ಕದ ಪುಸ್ತಕವನ್ನೂ ಒಂದು ತೂಕದ ಯಂತ್ರವನ್ನೂ ಮನೆಗೆ ತರಬೇಕು. ಮುಂಜಾನೆ ಎದ್ದು ಮೂತ್ರಶಂಕೆ ತೀರಿಸಿದ ಬಳಿಕ, ಚಹಾ ಕುಡಿಯುವ ಮೊದಲು, ರೋಗಿಯು ಒಂದೇ ತರದ ಬಟ್ಟೆಯಲ್ಲಿ ತೂಗಿಕೊಳ್ಳಲಿ. ಅವನು ನಿಲ್ಲಲಿ, ಇನ್ನೊಬ್ಬರು ಓದಿ ಬರೆಯಲಿ. ಮೂರು ದಿವಸಗಳೊಳಗೆ ತೂಕವು ೨ ಕಿಲೋಗಿಂತ ಹೆಚ್ಚು ಏರಿದರೆ, ಅದು ಉಂಡ ಅನ್ನದ ಕೊಬ್ಬಲ್ಲ, ಮೈಯಲ್ಲಿ ನಿಂತ ನೀರೇ. ಆಗ ಬಾವು ಕಾಣಿಸದಿದ್ದರೂ ವೈದ್ಯರಿಗೆ ತಿಳಿಸಬೇಕು. ತೂಕದ ಪಕ್ಕದಲ್ಲಿಯೇ ಮೂರು ಮಾತುಗಳನ್ನು ಬರೆಯಿರಿ: ಪಾದದಲ್ಲಿ ಬಾವು ಉಂಟೋ? ರಾತ್ರಿ ಎಷ್ಟು ತಲೆದಿಂಬು ಬೇಕಾಯಿತು? ನಡೆಯುವಾಗ ಉಸಿರು ನಿನ್ನೆಯಂತೆಯೋ, ಹೆಚ್ಚೋ? ಹೆಬ್ಬೆರಳಿನಿಂದ ಕಣಕಾಲನ್ನು ಸ್ವಲ್ಪ ಹೊತ್ತು ಒತ್ತಿ ತೆಗೆದಾಗ ಗುಳಿ ಹಾಗೆಯೇ ಉಳಿದರೆ ಅದು ನೀರಿನ ಬಾವು.

ಈ ಪುಸ್ತಕದಿಂದ ಇನ್ನೊಂದು ದೊಡ್ಡ ಪ್ರಯೋಜನವುಂಟು. ಹೆದರಿಕೆಯ ಮಾತನ್ನು ಬಾಯಿಂದ ಹೇಳಲು ಗಂಡನಿಗೂ ಕಷ್ಟ, ಕೇಳಲು ಹೆಂಡತಿಗೂ ಕಷ್ಟ. ಆದರೆ ಅಂಕೆಯನ್ನು ಓದಲು ಯಾರಿಗೂ ಸಂಕೋಚವಿಲ್ಲ. "ನಿಮಗೆ ಹೆಚ್ಚಾಗಿದೆ" ಎಂದು ಅವಳು ಹೇಳಬೇಕಾಗಿಲ್ಲ, ಪುಸ್ತಕವೇ ಹೇಳುವದು. "ಏನಿಲ್ಲ" ಎಂದು ಅವನು ಮರೆಮಾಡಲಾಗದು. ವೈದ್ಯರ ಬಳಿಗೂ ಇದನ್ನೇ ತಕ್ಕೊಂಡು ಹೋದರೆ, "ಈಚೆಗೆ ಸ್ವಲ್ಪ ಜೋರುಂಟು" ಎಂಬ ಮಾತಿಗಿಂತ ನೂರು ಪಾಲು ಉಪಯುಕ್ತವಾಗುವದು.

ಎರಡನೆಯದು, ಉಪ್ಪು. ದಿನಕ್ಕೆ ಎಲ್ಲಾ ಸೇರಿ ೫ ಗ್ರಾಮು, ಅಂದರೆ ಚಹಾ ಚಮಚದಲ್ಲಿ ಸಮನಾಗಿ ಒಂದು, ಇದಕ್ಕೆ ಮೀರಬಾರದು. ನಮ್ಮ ಸೀಮೆಯಲ್ಲಿ ಉಪ್ಪು ಸಾರಿನಲ್ಲಿ ಮಾತ್ರವೇ ಇಲ್ಲ. ಉಪ್ಪಿನಕಾಯಿ, ಒಣಮೀನು, ಹಪ್ಪಳ, ಸಂಡಿಗೆ, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಮಳೆಗಾಲಕ್ಕೆಂದು ಭರಣಿಯಲ್ಲಿಟ್ಟ ಹಲಸಿನ ಉಪ್ಪುಸೊಳೆ, ಇವುಗಳಲ್ಲಿಯೇ ಹೆಚ್ಚು. ಗಂಜಿಯ ಬದಿಗೆ ಒಂದು ತುಂಡು ಒಣಮೀನು ಅಥವಾ ಮಿಡಿ ಇಲ್ಲದೆ ಊಟ ಇಳಿಯದೆಂದು ಹೇಳುವವರಿದ್ದಾರೆ. ಅದು ಅಭ್ಯಾಸವೇ ಹೊರತು ಅವಶ್ಯವಲ್ಲ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುವದು. ಹುಳಿಗೆ ಲಿಂಬೆ, ಪುನರ್ಪುಳಿ. ಖಾರಕ್ಕೆ ಒಳ್ಳೆಮೆಣಸು, ಶುಂಠಿ. ಪರಿಮಳಕ್ಕೆ ಬೆಳ್ಳುಳ್ಳಿ, ಕರಿಬೇವು ಸಾಕಷ್ಟಿವೆ. ರೋಗಿಗೆ ಮಾತ್ರ ಬೇರೆ ಸಪ್ಪೆ ಅಡಿಗೆ ಮಾಡಿ, ಅವನೆದುರಿನಲ್ಲಿಯೇ ಇತರರು ಉಪ್ಪಿನಕಾಯಿ ಚಪ್ಪರಿಸುವದು ತರವಲ್ಲ. ಇಡೀ ಮನೆಗೇ ಉಪ್ಪು ಕಡಿಮೆಯಾದರೆ ಅಡಿಗೆಯ ಕೆಲಸವೂ ಒಂದೇ, ಎಲ್ಲರ ರಕ್ತದೊತ್ತಡಕ್ಕೂ ಒಳ್ಳೇದು. ಆದರೆ ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ" ಉಪ್ಪನ್ನು ವೈದ್ಯರನ್ನು ಕೇಳದೆ ತರಬಾರದು. ಅದರಲ್ಲಿ ಪೊಟಾಸಿಯಂ ಇದೆ. ಈ ರೋಗದ ಕೆಲವು ಔಷಧಗಳೊಂದಿಗೆ ಅದು ರಕ್ತದಲ್ಲಿ ಮಿತಿಮೀರಿ ಅಪಾಯವಾಗಬಹುದು. ಬೊಂಡದ ನೀರಿನ ವಿಷಯವೂ ಹಾಗೆಯೇ: ಸೀಕಿನವರಿಗೆ ಒಳ್ಳೇದೆಂದು ದಿನವೂ ಕುಡಿಸುವ ಮೊದಲು ಕೇಳಿಕೊಳ್ಳಿರಿ.

ಮೂರನೆಯದು, ನೀರು. ದಿನಕ್ಕೆ ಎಷ್ಟು ಕುಡಿಯಬಹುದೆಂದು ವೈದ್ಯರು ಕೆಲವರಿಗೆ ಅಳತೆ ಹೇಳುತ್ತಾರೆ. ಆಗ ಗಂಜಿಯ ತಿಳಿ, ಮಜ್ಜಿಗೆ, ಸಾರು, ಚಹಾ ಎಲ್ಲವೂ ಆ ಅಳತೆಯೊಳಗೇ ಸೇರತಕ್ಕವು. "ನೀರು ಕುಡಿದದ್ದು ಎರಡೇ ಲೋಟ" ಅನ್ನುವವನು ಮೂರು ಬಟ್ಟಲು ಗಂಜಿ ಉಂಡಿರುವದುಂಟು. ಮುಂಜಾನೆ ಒಂದು ಪಾತ್ರೆಯಲ್ಲಿ ಆ ದಿನದ ಅಳತೆಯನ್ನು ತುಂಬಿಸಿಟ್ಟು, ಬೇರೇನು ಕುಡಿದರೂ ಅಷ್ಟು ನೀರನ್ನು ಅದರಿಂದ ತೆಗೆದರೆ ಲೆಕ್ಕ ತಪ್ಪದು.

ನಾಲ್ಕನೆಯದು, ಔಷಧ. ಬಲಗುಂದಿದ ಹೃದಯಕ್ಕೆ ಆಯುಸ್ಸನ್ನು ಹೆಚ್ಚಿಸುವ ನಾಲ್ಕು ಬಗೆಯ ಔಷಧಗಳು ಈಗ ಉಂಟು. ಅದಲ್ಲದೆ ಮೈಯ ನೀರನ್ನು ಇಳಿಸುವ ಮಾತ್ರೆಯೂ ಉಂಟು. ಅವುಗಳಲ್ಲಿ ಕೆಲವನ್ನು ರಕ್ತದೊತ್ತಡಕ್ಕೂ ಸಿಹಿಮೂತ್ರಕ್ಕೂ ಕೊಡುತ್ತಾರೆ. ಆದದರಿಂದ "ನನಗೆ ಬೀಪಿಯೂ ಇಲ್ಲ, ಸಕ್ಕರೆಯೂ ಇಲ್ಲ, ಇದು ಯಾಕೆ?" ಎಂದು ಅರ್ಧದಲ್ಲಿ ಬಿಡುವವರಿದ್ದಾರೆ. ಆ ಮಾತ್ರೆಯು ಹೃದಯಕ್ಕಾಗಿಯೇ ಕೊಡಲ್ಪಟ್ಟದ್ದು. ಸೌಖ್ಯವಾಯಿತೆಂದು ನಿಲ್ಲಿಸುವವನು, ಆಧಾರದ ಕಂಬದಿಂದ ಮಾಡು ನಿಂತಿದೆಯೆಂದು ಮರೆತು ಕಂಬವನ್ನೇ ತೆಗೆದವನಂತಿದ್ದಾನೆ. ನೀರಿಳಿಸುವ ಮಾತ್ರೆಯನ್ನು ವೈದ್ಯರ ಅಪ್ಪಣೆಯಂತೆ ಮುಂಜಾನೆಯೇ ಕೊಟ್ಟರೆ ರಾತ್ರಿ ಇಬ್ಬರ ನಿದ್ದೆಯೂ ಕೆಡದು. ವಾಂತಿಭೇದಿ ಹತ್ತಿದ ದಿನ ಅದನ್ನು ಹೇಗೆ ಮಾಡಬೇಕೆಂದು ಮುಂಚಿತವಾಗಿಯೇ ಕೇಳಿ ಬರೆದಿಡಿರಿ. ಇನ್ನೊಂದು ಎಚ್ಚರಿಕೆ: ಮೊಣಕಾಲುನೋವು, ಮೈಕೈನೋವಿಗೆ ಅಂಗಡಿಯಿಂದ ತರುವ ಅನೇಕ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪನ್ನೂ ನೀರನ್ನೂ ನಿಲ್ಲಿಸಿ ಹೃದಯಕ್ಕೆ ಕೇಡು ಮಾಡುತ್ತವೆ. ಕೇಳದೆ ಅವುಗಳನ್ನು ನುಂಗಬಾರದು.

ಇಷ್ಟೆಲ್ಲಾ ಕೆಲಸದಲ್ಲಿ ರೋಗಿಯ ಕೈಗೂ ಪಾಲು ಇರಲಿ. ಮಾತ್ರೆಯ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಅವನೇ ತುಂಬಿಸಲಿ, ಮನೆಯವರು ಸರಿನೋಡಲಿ. ವೈದ್ಯರು ಒಪ್ಪಿದಷ್ಟು ಅವನು ಅಂಗಳದಲ್ಲಿ ನಡೆಯಲಿ, ಅಡಿಕೆ ಸುಲಿಯಲಿ, ಮೊಮ್ಮಕ್ಕಳಿಗೆ ಪಾಠ ಹೇಳಲಿ. ಎಲ್ಲಾ ಕೆಲಸವನ್ನು ಅವನಿಂದ ಕಸಕೊಂಡು ಮೂಲೆಯಲ್ಲಿ ಕೂರಿಸಿದರೆ, ಹೃದಯಕ್ಕಿಂತ ಮೊದಲು ಮನಸ್ಸು ಸಾಯುವದು.

೪. ತಡಮಾಡಬಾರದ ಕುರುಹುಗಳು

ಸುಮ್ಮನೆ ಕೂತಿರುವಾಗಲೂ ಉಸಿರು ಕಟ್ಟುವದು, ನೊರೆಯಾದ ಅಥವಾ ನಸುಗೆಂಪಾದ ಕಫ, ಎದೆನೋವು, ಮೂರ್ಛೆ, ಮಾತಿನ ಗಲಿಬಿಲಿ, ಇವುಗಳಲ್ಲಿ ಯಾವದು ಕಂಡರೂ ಬೆಳಗಾಗಲೆಂದು ಕಾಯಬಾರದು. ೧೦೮ಕ್ಕೆ ಕರೆಮಾಡಿ, ಅದು ಬರುವ ತನಕ ರೋಗಿಯನ್ನು ಮಲಗಿಸದೆ, ಬೆನ್ನಿಗೆ ಆಧಾರಕೊಟ್ಟು, ಕಾಲುಗಳನ್ನು ಕೆಳಗಿಳಿಸಿ ಕೂರಿಸಬೇಕು. ಮೂರ್ಛೆ ಹೋದವನನ್ನಾದರೋ ಕೂರಿಸದೆ ಮಲಗಿಸಬೇಕು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟುವ, ಫೋನು ಸಿಗದ ಊರುಗಳಲ್ಲಿ ಯಾರ ವಾಹನ, ಯಾವ ದಾರಿ, ಯಾವ ಆಸ್ಪತ್ರೆ ಎಂಬದನ್ನು ಬೇಸಿಗೆಯಲ್ಲಿಯೇ ಮಾತಾಡಿಟ್ಟುಕೊಳ್ಳಬೇಕು. ಔಷಧದ ಚೀಟಿಯೂ ಲೆಕ್ಕದ ಪುಸ್ತಕವೂ ಒಂದೇ ಚೀಲದಲ್ಲಿ ಬಾಗಿಲ ಬಳಿಯಲ್ಲಿರಲಿ.

ಎದೆನೋವಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಒಳ್ಳೇ ಸಹಾಯವು ದೊರೆಯಿತು. ಮಂಗಳೂರಿನ ಹೃದ್ರೋಗ ತಜ್ಞರಾದ ಡಾ. ಪದ್ಮನಾಭ ಕಾಮತರು ೨೦೧೮ರಲ್ಲಿ ಹಳ್ಳಿಗಳ ವೈದ್ಯರಿಗೂ ಆರೋಗ್ಯ ಕೇಂದ್ರಗಳಿಗೂ ಇಸಿಜಿ ಯಂತ್ರಗಳನ್ನು ಒದಗಿಸುವ ಕೆಲಸಕ್ಕೆ ಕೈಹಾಕಿದರು. ಹಳ್ಳಿಯಲ್ಲಿ ತೆಗೆದ ಹೃದಯದ ರೇಖೆಯ ಚಿತ್ರವನ್ನು ವಾಟ್ಸಾಪಿನಲ್ಲಿ ತಜ್ಞರು ಆಗಲೇ ನೋಡಿ, ಮಾಡತಕ್ಕದ್ದನ್ನು ತಿಳಿಸುತ್ತಾರೆ. ಮುಚ್ಚಿದ ರಕ್ತನಾಳವು ಬೇಗನೆ ತೆರೆದಷ್ಟು ಹೃದಯದ ಮಾಂಸ ಉಳಿಯುವದು. ಮಾಂಸ ಉಳಿದಷ್ಟು ಮುಂದೆ ಈ ಬಲಹೀನತೆಯು ತಪ್ಪುವದು.

೫. ಶುಶ್ರೂಷೆ ಮಾಡುವವರ ಶುಶ್ರೂಷೆ

ಶುಶ್ರೂಷೆಯ ಭಾರವೆಂದರೇನೆಂದು ಕೊಕ್ಕಡದವರಿಗೆ ಹೊರಗಿನವರು ಕಲಿಸಬೇಕಾದದ್ದಿಲ್ಲ. ಅಲ್ಲಿಯೂ ನೆರೆಯ ಪಟ್ರಮೆ, ನಿಡ್ಲೆಗಳಲ್ಲಿಯೂ ಗೇರುತೋಟಗಳ ಮೇಲೆ ಬಹು ವರ್ಷ ಆಕಾಶದಿಂದ ಎಂಡೋಸಲ್ಫಾನ್ ವಿಷವು ಚಿಮುಕಿಸಲ್ಪಟ್ಟಿತು. ೨೦೧೧ರ ಮೇ ೧೩ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲಾ ಅದನ್ನು ನಿಲ್ಲಿಸುವ ತನಕ ಆ ಹೋರಾಟವು ಮುಗಿಯಲಿಲ್ಲ. ಏಳಲಾರದ, ಮಾತಾಡಲಾರದ ಮಕ್ಕಳನ್ನು ಇಪ್ಪತ್ತು, ಮೂವತ್ತು ವರ್ಷ ಎತ್ತಿ ಇಳಿಸಿದ ತಾಯಂದಿರು ಆ ಊರುಗಳಲ್ಲಿದ್ದಾರೆ. ಹಗಲು ಹೊತ್ತು ಇಂಥವರನ್ನು ನೋಡಿಕೊಳ್ಳುವ ಕೇಂದ್ರವು ಕೊಕ್ಕಡದಲ್ಲಿ ತೆರೆಯಲ್ಪಟ್ಟದ್ದರಿಂದ ನಾವು ಕಲಿಯುವದೇನಂದರೆ: ಒಬ್ಬಳ ಭಾರವನ್ನು ದಿನಕ್ಕೆ ಕೆಲವು ತಾಸು ಇನ್ನೊಬ್ಬರು ಹೊತ್ತರೆ, ಅವಳು ಉಳಿದ ಹೊತ್ತನ್ನು ಹೊರಬಲ್ಲಳು. ಇದು ಬೇರೆ ರೋಗದ ಸಂಗತಿಯಾದರೂ ಪಾಠವು ಒಂದೇ.

ಹೃದ್ರೋಗಿಯ ಹೆಂಡತಿಯೋ ಸೊಸೆಯೋ ರಾತ್ರಿಯೆಲ್ಲಾ ಅವನ ಉಸಿರನ್ನು ಆಲಿಸುತ್ತಾ ಮಲಗುತ್ತಾಳೆ. ಅವಳ ಸ್ವಂತ ರಕ್ತದೊತ್ತಡವನ್ನು ನೋಡಿದವರು ಯಾರು? ಅವಳು ಬಿದ್ದರೆ ಎರಡು ಹಾಸಿಗೆಗಳಾದವು. ಆದದರಿಂದ ಲೆಕ್ಕದ ಪುಸ್ತಕದಲ್ಲಿ ಅವಳಿಗೂ ಒಂದು ಸಾಲು ಇರಲಿ: ನಿನ್ನೆ ಎಷ್ಟು ನಿದ್ದೆಯಾಯಿತು? ಗಂಡನೇ ಅದನ್ನು ಕೇಳಿ ಬರೆಯಲಿ. ದೂರದಲ್ಲಿರುವ ಮಗನು ಹಣ ಕಳುಹಿಸಿದರೆ ಸಾಲದು. ತಿಂಗಳಿಗೆ ಎರಡು ದಿನ ಬಂದು ತಾಯಿಯನ್ನು ಮಲಗಗೊಡಲಿ; ಬರಲಾಗದಿದ್ದರೆ ದಿನವೂ ಆ ಪುಸ್ತಕದ ಅಂಕೆಗಳನ್ನು ಫೋನಿನಲ್ಲಿ ಕೇಳಲಿ. "ಎಲ್ಲಾ ಸೌಖ್ಯ" ಎಂಬ ಉತ್ತರವನ್ನು ಒಪ್ಪಿಕೊಳ್ಳದಿರಲಿ.

ನೆರೆಕರೆಯವರ ಪಾಲೂ ಉಂಟು. ನೆರೆಯ ಕೇರಳದಲ್ಲಿ, ೧೯೯೩ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಉಪಶಮನ ಶುಶ್ರೂಷೆಯ ಕೆಲಸವು ಊರೂರಿಗೆ ಹಬ್ಬಿತು. ಅಲ್ಲಿ ಸಾಧಾರಣ ಹಳ್ಳಿಗರೇ ತರಬೇತು ಹೊಂದಿ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ. ೨೦೦೮ರಲ್ಲಿ ಅಲ್ಲಿಯ ಸರಕಾರವು ಅದಕ್ಕಾಗಿ ಒಂದು ನೀತಿಯನ್ನೇ ಹೊರಡಿಸಿತು. ನಮ್ಮಲ್ಲಿಯೂ ಸೀಕಿನವರನ್ನು ನೋಡಲು ಹೋಗುವ ಒಳ್ಳೇ ಪದ್ಧತಿ ಉಂಟು. ಆದರೆ ಹೋದವರು ರೋಗಿಯ ಎದುರಿನಲ್ಲಿ ಸತ್ತವರ ಕಥೆ ಹೇಳಿ, ಮನೆಯವಳಿಂದ ಚಹಾ ಮಾಡಿಸಿಕೊಂಡು ಬರುತ್ತಾರೆ! ಇನ್ನು ಮುಂದೆ ಹೀಗೆ ಮಾಡೋಣ: ಒಬ್ಬರು ರೋಗಿಯ ಬಳಿಯಲ್ಲಿ ಎರಡು ತಾಸು ಕೂತು ಮನೆಯವಳನ್ನು ಮಲಗಲು ಕಳುಹಿಸಲಿ, ಇನ್ನೊಬ್ಬರು ಔಷಧ ತರಲಿ, ಮತ್ತೊಬ್ಬರು ದನಕ್ಕೆ ಹುಲ್ಲು ಹಾಕಲಿ.

ಕೊನೆಯದಾಗಿ ಒಂದು ಕಠಿಣ ಮಾತು. ಈ ರೋಗವು ಎಲ್ಲರಲ್ಲಿಯೂ ವಾಸಿಯಾಗುವದಿಲ್ಲ. ಮುಂದೆ ಹೆಚ್ಚಾದರೆ ಎಲ್ಲಿ ಇರಬೇಕೆಂದು, ಯಾವ ಚಿಕಿತ್ಸೆ ಬೇಕು ಯಾವದು ಬೇಡವೆಂದು, ತೋಟ, ಸಾಲ, ಪತ್ರಗಳ ವ್ಯವಸ್ಥೆ ಹೇಗೆಂದು ರೋಗಿಯೇ ಬಲವಿರುವಾಗ ಹೇಳಲಿ. ಅದನ್ನು ಕೇಳುವದು ಅಪಶಕುನವಲ್ಲ. ಕೇಳದೆ ಉಳಿದ ಮಾತು ಬಳಿಕ ಮನೆಯವರ ಎದೆಯಲ್ಲಿ ಕಲ್ಲಾಗಿ ಕೂರುವದು. ಕೇಳಿದ ಮಾತು ಅವರಿಗೆ ಆಧಾರವಾಗುವದು.

ಆ ಮನೆಯ ಜಗಲಿಗೆ ತಿರಿಗಿ ಹೋಗೋಣ. ರಾತ್ರಿ ಹೆಂಡತಿಯು "ಯಾಕೆ ಎದ್ದದ್ದು ನೀವು?" ಎಂದು ಕೇಳುತ್ತಾಳೆ. ಈ ಸಾರಿ ಅವನು, "ಮಲಗಿದರೆ ಉಸಿರು ಸಾಲುವದಿಲ್ಲ. ಪುಸ್ತಕ ತಾ, ನೋಡುವ" ಅನ್ನಲಿ. ಇಷ್ಟೇ ಮಾತಿನಿಂದ ಒಬ್ಬನ ಹೆದರಿಕೆಯು ಇಬ್ಬರ ಕೆಲಸವಾಗುವದು.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. "ಹಾರ್ಟ್ ಫೇಲ್ಯೂರ್" ಎಂಬದಕ್ಕೂ ಹೃದಯಾಘಾತಕ್ಕೂ ಇರುವ ಭೇದವೇನು?
೨. ತೂಕವು ಮೂರು ದಿವಸಗಳಲ್ಲಿ ಎಷ್ಟು ಏರಿದರೆ ವೈದ್ಯರಿಗೆ ತಿಳಿಸಬೇಕು? ಯಾಕೆ?
೩. ನಮ್ಮ ಮನೆಯ ಊಟದಲ್ಲಿ ಉಪ್ಪು ಎಲ್ಲೆಲ್ಲಿ ಅಡಗಿಕೊಂಡಿದೆ?
೪. ನಮ್ಮ ಮನೆಯಲ್ಲಿ ಯಾರು ಯಾರಿಗೆ "ಏನಿಲ್ಲ" ಅನ್ನುತ್ತಿದ್ದಾರೆ?
೫. ನಮ್ಮ ನೆರೆಯಲ್ಲಿ ಶುಶ್ರೂಷೆ ಮಾಡಿ ದಣಿದವರಿಗೆ ಈ ವಾರ ನಾವು ಎಷ್ಟು ತಾಸು ಕೊಡಬಲ್ಲೆವು?